ಸತ್ತರೆ ಮಾತ್ರ ತುಂಬುವ ಹಾಲ್

ಅದು ನಗುವ ಜಾಗವೇ ಅಲ್ಲ. ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ಒಂದು ಚರ್ಚಿನ ಹಿಂದೆ ಹಳೆಯ ಹಾಲ್, ಸೋರುವ ಛಾವಣಿ, ಗುರುವಾರದ ಊಟಕ್ಕೆ ಬರುವ ಒಂಟಿ ಮುದುಕರು. ಆದರೂ ನಗು ಬರುವಂಥದ್ದು ಅಲ್ಲಿ ನಡೆಯುತ್ತಲೇ ಇರುತ್ತಿತ್ತು. ಅದೂ ನಗಬಾರದ ಹೊತ್ತಿನಲ್ಲೇ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಚಿಲಿ, ಉರುಗ್ವೆ, ಎಲ್ ಸಾಲ್ವಡಾರ್ ಕಡೆಯಿಂದ ಬಂದು ಸಿಡ್ನಿಯಲ್ಲಿ ಮುದುಕರಾದ, ಸ್ಪ್ಯಾನಿಶ್ ಮಾತಾಡುವ ಜನರ ಸಂಘ ಅದು. ಅದಕ್ಕೆ ಪಾರ್ಟ್ ಟೈಮ್ ಕೋಆರ್ಡಿನೇಟರ್ ಮೈಸೂರಿನವಳಾದ ನಾನು. ಸಮಾಜಕಾರ್ಯ ಓದಿದ್ದವಳಿಗೆ ಪಿಆರ್, ಅಂದರೆ ಅಲ್ಲಿ ಕಾಯಂ ಇರುವ ಪರವಾನಗಿ, ಬಂದ ಮೇಲೆ ಸಿಕ್ಕಿದ ಕೆಲಸ ಅದೊಂದೇ.

"ನಿಂಗೆ ಸ್ಪ್ಯಾನಿಶ್ ಬರಲ್ಲ. ಅಲ್ಲಿ ಏನು ಮಾಡ್ತೀಯ?" ಅಂದರು ನಮ್ಮವರು.

"ದುಡ್ಡು ಕೊಡೋ ಫೌಂಡೇಶನ್‌ಗಳ ಮುಂದೆ ಕೈಯೊಡ್ಡೋದು. ಅದಕ್ಕೆ ಯಾವ ಭಾಷೆಯೂ ಬೇಡ" ಅಂದೆ.

ಪಾರ್ಟ್ನರ್

ಕೈಯೊಡ್ಡೋದು ಅಂತ ಹೇಳಬಾರದು ಅಂತ ಆಮೇಲೆ ಗೊತ್ತಾಯಿತು. ನಾನು ಅರ್ಜಿ ಹಾಕಿದ ಫೌಂಡೇಶನ್‌ನ ಮೇಡಂ ತುಂಬ ಮೃದುವಾಗಿ ತಿದ್ದಿದರು. "ನಾವು ದಾನ ಕೊಡಲ್ಲ. ನಿಮ್ಮ ಜೊತೆ ಪಾರ್ಟ್ನರ್ ಆಗ್ತೀವಿ. ನೀವು ಬೆಳೀಬೇಕು, ನಾವು ಜೊತೆಗಿರ್ತೀವಿ."

ಅದನ್ನೇ ಸಂಘದಲ್ಲಿ ಒಪ್ಪಿಸಿದೆ. ಅಡುಗೆ ಮಾಡುತ್ತಿದ್ದ ಎಲ್ ಸಾಲ್ವಡಾರಿನ ಆಂಟಿ, ವಿಧವೆ, ಈರುಳ್ಳಿ ಹೆಚ್ಚುತ್ತಲೇ ಕೇಳಿದರು.

"ಪಾರ್ಟ್ನರ್ ಅಂದ್ರೆ ಪಾತ್ರೆ ತೊಳೆಯೋಕೆ ಬರ್ತಾರಾ?"

"ಇಲ್ಲ ಆಂಟಿ."

"ವರ್ಷಕ್ಕೊಂದು ಸಲ ಬಂದು, ತಿಂದು, ಎಲ್ಲಾ ಚೆನ್ನಾಗಿದೆ ಅಂತ ಹೇಳಿ ಹೋಗ್ತಾರೆ?"

"ಹೆಚ್ಚೂ ಕಮ್ಮಿ ಹಾಗೇ."

"ಹಾಗಾದ್ರೆ ನಂಗೆ ಅಭ್ಯಾಸ ಇದೆ. ನನ್ನ ಗಂಡನೂ ಹಾಗೇ ಇದ್ದ."

ಹೀಟರ್

ಆ ಚಳಿಗಾಲಕ್ಕೆ ನಾವು ಕೇಳಿದ್ದು ಹೀಟರ್. ಅದರಲ್ಲಿ ಹೊಸತನ ಇಲ್ಲವಂತೆ. ಅದರ ಬದಲು ಸಂಘದವರಿಗೆ ಲೀಡರ್‌ಶಿಪ್ ಟ್ರೇನಿಂಗ್ ಕೊಟ್ಟರು. ಮುದುಕರೆಲ್ಲ ಓವರ್‌ಕೋಟು, ಟೋಪಿ ಹಾಕಿಕೊಂಡೇ ಕೂತು ನಾಯಕತ್ವ ಕಲಿತರು.

ಟ್ರೇನರ್ ಚಿಕ್ಕ ವಯಸ್ಸಿನ ಹುಡುಗಿ. "ಇನ್ನು ಐದು ವರ್ಷಕ್ಕೆ ನೀವು ಎಲ್ಲಿರಬೇಕು ಅಂತ ಆಸೆ?" ಅಂತ ಒಬ್ಬೊಬ್ಬರನ್ನೇ ಕೇಳಿದಳು. ಚಿಲಿಯ ಬಡಗಿ ಅಜ್ಜನ ಸರದಿ ಬಂತು. ಇಡೀ ಜನ್ಮ ಬೇರೆಯವರ ಮನೆಗೆ ಬಾಗಿಲು ಕೂರಿಸಿ, ಈಗ ಯಾರೂ ತಟ್ಟದ ಬಾಗಿಲ ಹಿಂದೆ ಒಬ್ಬರೇ ಇದ್ದವರು.

"ಆಸೆ ಬೇರೆ, ಇರೋ ಜಾಗ ಬೇರೆ. ಸ್ಮಶಾನದಲ್ಲಿ ಜಾಗ ಆಗಲೇ ತಗೊಂಡಿದೀನಿ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಅಲ್ಲೂ ಹೀಟರ್ ಇಲ್ಲ" ಅಂದರು.

ಎಂಗೇಜ್‌ಮೆಂಟ್

ಅಷ್ಟರಲ್ಲಿ ಚರ್ಚಿನವರು ರೆಂಟ್ ಏರಿಸಿದರು. ಕೊಡಲಾಗದಿದ್ದರೆ ಹಾಲ್ ಯಾವುದೋ ಜಿಮ್ಮಿಗೆ. ಹಾಲ್ ಹೋದರೆ ಗುರುವಾರ ಹೋಯಿತು, ಗುರುವಾರ ಹೋದರೆ ಇವರಲ್ಲಿ ಎಷ್ಟೋ ಜನ ವಾರವಿಡೀ ಟಿವಿ ಜೊತೆ ಮಾತ್ರ ಮಾತಾಡಬೇಕು. ಮೇಡಂ ಒಂದು ಗುರುವಾರ ಬಂದು ನೋಡಿ, ರೆಂಟ್ ಕೊಡುವುದೋ ಬೇಡವೋ ತೀರ್ಮಾನ ಮಾಡುತ್ತೇವೆ ಅಂದರು.

ಮಾಮೂಲಿ ಗುರುವಾರ ಬರುವವರು ಬೆರಳೆಣಿಕೆ. ಮಂಡಿ ನೋವು, ಮಳೆ, ಕರೆದುಕೊಂಡು ಬರಲು ಮಕ್ಕಳಿಗೆ ಪುರುಸೊತ್ತಿಲ್ಲ. ಆದರೆ ಈ ಜನರಲ್ಲಿ ಒಂದು ಪದ್ಧತಿ. ಬದುಕಿರುವವರನ್ನು ನೋಡಲು ಬರುವುದಿಲ್ಲ, ಸತ್ತವರ ಪ್ರಾರ್ಥನೆ ಮಾತ್ರ ತಪ್ಪಿಸುವುದಿಲ್ಲ. ಮೇಡಂ ಬಂದ ಗುರುವಾರವೇ ತೀರಿಕೊಂಡ ಉರುಗ್ವೆಯ ಒಬ್ಬ ಅಜ್ಜಿಯ ಪ್ರಾರ್ಥನೆ ಬಿತ್ತು. ಹಾಲ್ ಕಿಕ್ಕಿರಿದು ತುಂಬಿತ್ತು. ತಬ್ಬಿಕೊಳ್ಳುವವರು, ಅಳುವವರು, ನಡುವೆ ಬಿಸಿಬಿಸಿ ಎಂಪನಾಡ, ಅಂದರೆ ಅವರ ಖಾರದ ಕಡುಬು. ಇದು ವಾರವಾರದ ಊಟವೆಂದೇ ತಿಳಿದ ಮೇಡಂ ಕಣ್ಣಲ್ಲೂ ನೀರು.

"ಇಂಥ ಕಮ್ಯೂನಿಟಿ ಎಂಗೇಜ್‌ಮೆಂಟ್, ಜನ ಹೀಗೆ ಸೇರೋದು, ನಾನೆಲ್ಲೂ ನೋಡಿಲ್ಲ. ಒಂದು ವರ್ಷದ ರೆಂಟ್ ಖಂಡಿತ. ಮುಂದಿನ ವರ್ಷ ಇದೇ ಹೊತ್ತಿಗೆ ಮತ್ತೆ ಬರ್ತೀನಿ."

ಅವರ ಕಾರು ಹೋದ ಮೇಲೆ ಅಡುಗೆ ಆಂಟಿ ಕೇಳಿದರು, "ಮುಂದಿನ ವರ್ಷ ಯಾರು?"

ಎಲ್ಲರೂ ಮೆಲ್ಲಗೆ ಬಡಗಿ ಅಜ್ಜನ ಕಡೆ ತಿರುಗಿದರು. ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, "ಡೇಟ್ ಹೇಳಿ, ನೋಡೋಣ" ಅಂದರು.

ಬಾಗಿಲಲ್ಲಿ ನಿಂತವರು

ವರ್ಷ ಕಳೆದರೂ ಅಜ್ಜ ಗಟ್ಟಿಯಾಗಿಯೇ ಇದ್ದರು. ಆದರೆ ಆಡಿದ ಮಾತಿಗೆ ತಪ್ಪುವವರಲ್ಲ. ಮೇಡಂ ಬರುವ ವಾರ ಅಡುಗೆ ಆಂಟಿಯ ಕೈಯಲ್ಲಿ ಮನೆಮನೆಗೆ ಫೋನ್ ಮಾಡಿಸಿದ್ದರು: ಬಡಗಿ ಹೋಗಿಬಿಟ್ಟ, ಗುರುವಾರ ಪ್ರಾರ್ಥನೆ. ಇದು ನನಗೆ ತಿಳಿದದ್ದು ಗುರುವಾರ ಬೆಳಿಗ್ಗೆ, ಹೂವು ಹಿಡಿದ ಜನ ಬರತೊಡಗಿದಾಗ. ಬಾಗಿಲಲ್ಲಿ ಸ್ವತಃ ಅಜ್ಜ ನಿಂತು, ಒಬ್ಬೊಬ್ಬರ ಕೈ ಕುಲುಕಿ, ಹೂವು ತೆಗೆದುಕೊಂಡು, ಒಳಗೆ ಕಳಿಸುತ್ತಿದ್ದರು. ಬೈದುಕೊಂಡೇ ಎಲ್ಲರೂ ಕೂತರು. ಬಂದದ್ದು ಬಂದಾಯಿತು, ಊಟ ಬಿಡುವುದೇಕೆ.

ಕೊನೆಗೆ ಕಪ್ಪು ಸೂಟಿನವರೊಬ್ಬರು ದೊಡ್ಡ ಹೂವಿನ ಚಕ್ರ ಹೊತ್ತು ಬಂದರು. ಮೆಲ್ಬರ್ನಿನಲ್ಲಿದ್ದ ಅಜ್ಜನ ತಮ್ಮ. ಇಬ್ಬರೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಊರಲ್ಲಿ ತಾಯಿ ತೀರಿಕೊಂಡಾಗ ತಮ್ಮ ಹೋಗುತ್ತಾನೆ ಅಂತ ಇವರು, ಅಣ್ಣ ಹೋಗುತ್ತಾನೆ ಅಂತ ಅವರು, ಕೊನೆಗೆ ಇಬ್ಬರೂ ಹೋಗಿರಲಿಲ್ಲ.

"ಸತ್ತಿಲ್ವಾ ನೀನು?"

"ಇನ್ನೂ ಇಲ್ಲ. ಊಟ ಮಾಡ್ಕೊಂಡು ಹೋಗು."

ತಮ್ಮ ಆ ಹೂವಿನ ಚಕ್ರದಲ್ಲೇ ಅಣ್ಣನಿಗೆ ಬಾರಿಸಿದರು. ಆಮೇಲೆ ಇಬ್ಬರೂ ತಬ್ಬಿಕೊಂಡು, ಮೈಮೇಲೆಲ್ಲ ಹೂವಿನ ಎಸಳು ಮೆತ್ತಿಕೊಂಡು ಅತ್ತರು. ಸರಿಯಾಗಿ ಆಗ ಮೇಡಂ ಒಳಗೆ ಬಂದರು. ಮೆಲ್ಬರ್ನಿನಿಂದಲೂ ಜನ ಬರುತ್ತಾರೆ ಅಂತ ತಿಳಿದು, ಕೂಡಲೇ ಅದನ್ನು ಡೈರಿಯಲ್ಲಿ ಬರೆದುಕೊಂಡರು. ರೆಂಟ್ ಬಂತು, ಹೀಟರ್ ಬಂತು, ಮೆಲ್ಬರ್ನಿನಲ್ಲಿ ತಮ್ಮನ ಉಸ್ತುವಾರಿಯಲ್ಲಿ ಒಂದು ಬ್ರಾಂಚೂ ಬಂತು. ನಾವು ಬೆಳೆದದ್ದು ಹೀಗೆ.

ಮೆಲ್ಬರ್ನ್ ಬ್ರಾಂಚ್

ಅಜ್ಜ ನಿಜವಾಗಿ ಹೋದದ್ದು ಅದರ ಮುಂದಿನ ಚಳಿಗಾಲದಲ್ಲಿ, ನಿದ್ದೆಯಲ್ಲೇ. ಮೆಲ್ಬರ್ನಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

"ಅಂಕಲ್, ನಿಮ್ಮಣ್ಣ ತೀರಿಕೊಂಡ್ರು."

"ಈ ಸಲ ಯಾವ ಫೌಂಡೇಶನ್?"

"ಯಾರೂ ಬರ್ತಿಲ್ಲ ಅಂಕಲ್. ಇದು ನಿಜ."

ಅವರು ಜೋರಾಗಿ ನಕ್ಕರು. "ಅವನ ಜೊತೆ ಸೇರಿ ನೀನೂ ಕಲಿತುಬಿಟ್ಟೆ. ಎಲ್ಲರನ್ನೂ ಕರ್ಕೊಂಡು ಬರ್ತೀನಿ."

ಹೇಳಿದಂತೆ ಬಂದರು. ಬ್ರಾಂಚಿನ ವ್ಯಾನಿನ ತುಂಬ ಮೆಲ್ಬರ್ನಿನ ಮುದುಕರು, ಮೇಡಂಗೆ ತೋರಿಸಲು ಹಾಕಿಕೊಂಡ ಕೆಂಪು ಹಳದಿ ಬಟ್ಟೆ, ಗಿಟಾರು, ಸಂಘದ ಬ್ಯಾನರು. ತಮ್ಮನ ಕೈಯಲ್ಲಿ ಹೂವಿನ ಬದಲು ವೈನ್ ಬಾಟಲಿ. ಬಾಗಿಲಲ್ಲಿ ಒಂದು ಗಳಿಗೆ ನಿಂತು, ಕೈ ಕುಲುಕುವವರು ಯಾರೂ ಕಾಣದೆ, ನಗುತ್ತಲೇ ಒಳಗೆ ಬಂದರು. ಹಾಲ್ ಹಿಂದೆಂದೂ ಅಷ್ಟು ತುಂಬಿರಲಿಲ್ಲ. ಹೀಟರಿನಿಂದ ಬೆಚ್ಚಗೂ ಇತ್ತು.

ಶವಪೆಟ್ಟಿಗೆಯ ಮುಂದೆ ಅವರ ನಗು ನಿಂತಿತು. ಸುಮಾರು ಹೊತ್ತು ಅಣ್ಣನ ಮುಖ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ಬಾಟಲಿ ಕೆಳಗಿಟ್ಟರು, ಬಗ್ಗಿ, ಬೆರಳ ಗೆಣ್ಣಿನಿಂದ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದರು.

"ಸಾಕು, ಏಳು. ನೋಡೋಕೆ ಫೌಂಡೇಶನ್‌ನವರು ಯಾರೂ ಬಂದಿಲ್ಲ."