ಯಮನಪ್ಪನ ಕೈಗೆ ಬಂದ ಮರಿ

ಬಾಗಲಗುಂಟೆಯ ಕೃಷ್ಣಮ್ಮನವರು ತಂಗಿಯ ಮೊಮ್ಮಗಳ ನಾಮಕರಣಕ್ಕೆಂದು ವಾರದ ಮಟ್ಟಿಗೆ ಹೊಸಕೋಟೆಗೆ ಹೊರಟಾಗ, ಮೂರು ತಿಂಗಳ ನಾಯಿಮರಿ ರಾಣಿಯನ್ನು ಮಹಡಿ ಮೇಲಿನ ಒಂಟಿಕೋಣೆಯ ಬಾಡಿಗೆದಾರ ಯಮನಪ್ಪನಿಗೆ ಒಪ್ಪಿಸಿದರು. ಯಾದಗಿರಿ ಕಡೆಯ ಯಮನಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಗ್ರೈಂಡಿಂಗ್ ಯಂತ್ರ ನಡೆಸುತ್ತಿದ್ದ. ನಾಯಿ ಸಾಕಿ ಗೊತ್ತಿಲ್ಲದವನು. ಆದರೆ ಆ ವಾರ ಅವನಿಗೆ ಎರಡನೇ ಪಾಳಿ, ಮಧ್ಯಾಹ್ನದವರೆಗೆ ಮನೆಯಲ್ಲೇ ಇರುತ್ತಿದ್ದ. ಆಗುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಹಿಂದಿನ ಬಾಡಿಗೆದಾರ ಮೆಟ್ಟಿಲ ಮೇಲೆ ಎಲೆಅಡಿಕೆ ಉಗಿದನೆಂದು ಕೃಷ್ಣಮ್ಮ ಒಂದೇ ದಿನದಲ್ಲಿ ಮನೆ ಖಾಲಿ ಮಾಡಿಸಿದ್ದರು.

ಎರಡನೆಯ ದಿನ ಬೆಳಗ್ಗೆ ರಾಣಿ ಹಾಲು ಮುಟ್ಟಲಿಲ್ಲ. ಹಿಂದಿನ ದಿನ ಮೆಟ್ಟಿಲೆಲ್ಲ ಕುಣಿದಾಡಿದ್ದ ಮರಿ ನೀರಿನ ಡ್ರಮ್ಮಿನ ಹಿಂದೆ ಹಿಂಡಿಟ್ಟ ಬಟ್ಟೆಯ ಹಾಗೆ ಬಿದ್ದಿತ್ತು. ಎಂಟು ಗಂಟೆಗೆ ಹಳದಿ ನೊರೆ ಕಕ್ಕಿತು. ಪಕ್ಕದ ಮನೆಯ ಭದ್ರಮ್ಮ ಬಂದು ನೋಡಿ, ಹಲ್ಲಿ ತಿಂದಿರಬೇಕು, ಮೆಂತ್ಯ ಅರೆದು ಮಜ್ಜಿಗೆಯಲ್ಲಿ ಕುಡಿಸು ಎಂದರು. ಕುಡಿಸಿದ. ಅಷ್ಟೂ ಅವನ ಲುಂಗಿಯ ಮೇಲೆ ವಾಪಸ್ಸು ಬಂತು. ಎದುರು ಮನೆಯ ನಿವೃತ್ತ ಬಸ್ ಡ್ರೈವರ್ ಅಮರಪ್ಪ ಇದು ದೃಷ್ಟಿಯೇ ಎಂದು ನಿಂಬೆಹಣ್ಣು ನಿವಾಳಿಸಿದರು. ಆಮೇಲೆ ತಮ್ಮ ಹೊಟ್ಟೆನೋವಿನ ಮಾತ್ರೆಯನ್ನೂ ತಂದರು. ಪುಣ್ಯಕ್ಕೆ ಮರಿ ಬಾಯಿ ತೆರೆಯಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಭೇದಿ ಶುರುವಾಯಿತು. ಅದರಲ್ಲಿ ರಕ್ತವಿತ್ತು. ಆ ವಾಸನೆಗೆ ಇಬ್ಬರೂ ತಮ್ಮ ತಮ್ಮ ಮನೆ ಸೇರಿ, ಕಿಟಕಿಯಿಂದಲೇ ಸಲಹೆ ಮುಂದುವರಿಸಿದರು.

"ನಿನ್ ಹೆಸ್ರು ನೋಡಿಯಾದ್ರೂ ಆಯಮ್ಮ ಯೋಚ್ನೆ ಮಾಡ್ಬೇಕಾಗಿತ್ತು ಕಣಪ್ಪ," ಎಂದರು ಅಮರಪ್ಪ. ತಮಾಷೆಗೆ ಅಂದದ್ದಲ್ಲ. ಯಮನಪ್ಪನೂ ನಗಲಿಲ್ಲ.

ಅಷ್ಟರಲ್ಲಿ ಕೃಷ್ಣಮ್ಮನವರ ಫೋನು ಬಂತು. ರಾಣಿ ಏನು ಮಾಡ್ತಿದಾಳೆ ಎಂದು ಕೇಳಿದರು.

"ಮಲಗೈತ್ರಿ ಅವ್ವಾರ," ಎಂದ. ಅದು ಸುಳ್ಳಲ್ಲವಾದರೂ ಅವನ ಕಿವಿ ಬಿಸಿಯಾಯಿತು.

ಎರಡು ಆಟೋದವರು ಮೂಗು ಮುಚ್ಚಿಕೊಂಡು ಮುಂದೆ ಹೋದರು. ಕಾರ್ಖಾನೆಯ ಸಮವಸ್ತ್ರದಲ್ಲಿ ಮರಿಯನ್ನು ಸುತ್ತಿಕೊಂಡು ಎಂಟನೇ ಮೈಲಿ ಬಸ್‌ಸ್ಟಾಪಿನ ಬಳಿಯ ಪ್ರಾಣಿಗಳ ಕ್ಲಿನಿಕ್ಕಿನವರೆಗೂ ಅವನು ಓಡುನಡಿಗೆಯಲ್ಲೇ ಹೋದ. ಡಾಕ್ಟರ್ ಮಂಜುಶ್ರೀ ಮರಿಯ ಕತ್ತಿನ ಚರ್ಮವನ್ನು ಹಿಡಿದೆತ್ತಿ ಬಿಟ್ಟರು. ಅದು ಎತ್ತಿದ ಹಾಗೆಯೇ ನಿಂತಿತು. ತುಟಿ ಸರಿಸಿದರೆ ವಸಡು ಬಿಳಿಚಿತ್ತು. ಮಲದ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು.

"ಪಾರ್ವೋ," ಎಂದರು ಡಾಕ್ಟರು. "ಈ ವೈರಸ್ ಸಾಯ್ಸೋ ಔಷಧಿ ಇಲ್ಲ. ಡ್ರಿಪ್ ಹಾಕಿ ಮೈಯಲ್ಲಿ ನೀರು ಉಳಿಸ್ಬೇಕು, ವಾಂತಿ ನಿಲ್ಲಿಸ್ಬೇಕು, ಬೇರೆ ಸೋಂಕು ಸೇರ್ದಂಗೆ ನೋಡ್ಕೋಬೇಕು. ಗೆಲ್ಲೋದು ಬಿಡೋದು ಅದರ ಕೈಲಿದೆ. ನಾಳೆ ಬಂದಿದ್ರೆ ಅದೂ ಇರ್ತಿರ್ಲಿಲ್ಲ. ಲಸಿಕೆ ಹಾಕ್ಸಿದೀರಾ?"

ಅವನಿಗೆ ಗೊತ್ತಿರಲಿಲ್ಲ.

ಡ್ರಿಪ್ಪಿನ ಸೂಜಿ ಚುಚ್ಚಿದ್ದ, ಕಡ್ಡಿಯಂಥ ಆ ಮುಂಗಾಲನ್ನು ಅಲುಗದಂತೆ ಹಿಡಿದು ಕೂತ. ಪಾಳಿಯ ಸಮಯ ದಾಟಿತು. ಸೂಪರ್‌ವೈಸರಿಗೆ ಫೋನು ಮಾಡಿ, ಮನೆಯಲ್ಲಿ ಸಣ್ಣದಕ್ಕೆ ಹುಷಾರಿಲ್ಲ, ಡ್ರಿಪ್ ಹಾಕಿದ್ದಾರೆ ಎಂದ. ಅವರು ಮರುಗಿ ಆ ವಾರವಿಡೀ ರಜೆ ಕೊಟ್ಟರು. ಯಮನಪ್ಪನಿಗೆ ಮದುವೆಯೇ ಆಗಿಲ್ಲವೆಂಬುದು ಅವರಿಗೆ ಸಂಜೆ ನೆನಪಾಯಿತಂತೆ.

ಮರಿಯನ್ನು ಕ್ಲಿನಿಕ್ಕಿನಲ್ಲೇ ಬೇರೆ ಗೂಡಿನಲ್ಲಿರಿಸಿ, ಡಾಕ್ಟರು ಅವನನ್ನು ಮನೆ ತೊಳೆಯಲು ಕಳಿಸಿದರು. ಈ ವೈರಸ್ಸಿಗೆ ಫಿನಾಯಿಲ್ ಸಾಲದು, ಬ್ಲೀಚಿಂಗ್ ಪುಡಿಯೇ ಬೇಕು, ಆದರೂ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಬದುಕಿರುತ್ತದೆ ಎಂದಿದ್ದರು. ಮೂಗಿಗೆ ಟವೆಲ್ ಕಟ್ಟಿಕೊಂಡು ಅವನು ಅಂಗಳ, ಮೆಟ್ಟಿಲು, ಡ್ರಮ್ಮು ಎಲ್ಲ ಉಜ್ಜುವುದನ್ನು ಕಂಡು ಬೀದಿಯ ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಂಡರು. ಇದು ಮನುಷ್ಯರಿಗೆ ಬರುವುದಿಲ್ಲ, ನಾಯಿ ಸಾಕಿದವರು ಮಾತ್ರ ಸೂಜಿ ಹಾಕಿಸಿ ಎಂದು ಮನೆಮನೆಗೆ ಹೇಳಿ ಬಂದ. ಎಲ್ಲರೂ ಬಾಗಿಲ ಸಂದಿಯಿಂದಲೇ ಕೇಳಿಸಿಕೊಂಡರು.

ಮುಂದಿನ ನಾಲ್ಕು ದಿನ ಬೆಳಗಿನಿಂದ ಸಂಜೆಯವರೆಗೆ ಅವನು ಗೂಡಿನ ಮುಂದೆಯೇ ಕೂತ. ಕೃಷ್ಣಮ್ಮನವರಿಗೆ ದಿನವೂ ಮಲಗೈತ್ರಿ ಎಂದ. ಮೂರನೆಯ ದಿನ ಮರಿ ಕಣ್ಣನ್ನೂ ತೆರೆಯಲಿಲ್ಲ. ಏಳವ್ವ, ಏಳು ಎಂದು ಅವನು ಮೆಲ್ಲಗೆ ಅನ್ನುತ್ತಿದ್ದುದನ್ನು ಕೇಳಿ ಡಾಕ್ಟರು ಒಳಕೋಣೆಗೆ ಹೋಗಿಬಿಟ್ಟರು. ನಾಲ್ಕನೆಯ ಸಂಜೆ ಅದು ಎರಡು ಸಲ ಗಂಜಿನೀರು ನೆಕ್ಕಿತು, ಬಾಲದ ತುದಿಯನ್ನು ಒಮ್ಮೆ ಅಲ್ಲಾಡಿಸಿತು. ಯಮನಪ್ಪ ಹೊರಗೆ ಬಂದು ನಲ್ಲಿಯ ಕೆಳಗೆ ಬಹಳ ಹೊತ್ತು ಮುಖ ತೊಳೆದ.

ಶನಿವಾರ ರಾಣಿ ಮನೆಗೆ ಮರಳಿತು, ಭಾನುವಾರ ಕೃಷ್ಣಮ್ಮ ಬಂದರು. ಬಟ್ಟೆಬರೆ ಕಟ್ಟಿಟ್ಟುಕೊಂಡೇ ಗೇಟಿನಲ್ಲಿ ಕಾದಿದ್ದ ಯಮನಪ್ಪ ಒಂದನ್ನೂ ಮುಚ್ಚಿಡದೆ ಹೇಳಿದ. ಅವರು ಕೈಯಲ್ಲಿದ್ದ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸೂಜಿ ಆಕ್ಸು ಅಂತ ಮರಿ ಕೊಟ್ಟೋರು ಯೋಳಿದ್ರು ಕಣಪ್ಪ. ಮನೇಲೇ ಇರೋದಕ್ಕೆ ಯಾತಕ್ಕೆ ಅಂತ ನಾನೇ ಬುಟ್ಟೆ. ತಪ್ಪು ನಂದು. ನೀನಿರೋಗಂಟ ಆ ರೂಮು ನಿಂದೇ ಅಂದ್ಕೊ."

ಯಮನಪ್ಪ ಆ ವಾರದಲ್ಲಿ ಮೊದಲ ಸಲ ನೆಮ್ಮದಿಯ ಉಸಿರುಬಿಟ್ಟ. ಆಗ ಕಟ್ಟೆಯ ಮೇಲಿನ ಬುಟ್ಟಿ ಅಲುಗಾಡಿತು.

ರಾಣಿಗೆ ಬೇಸರವಾಗಬಾರದೆಂದು ಕೃಷ್ಣಮ್ಮ ಹೊಸಕೋಟೆಯಿಂದ ಅದರ ಒಡಹುಟ್ಟಿದ ಗಂಡುಮರಿಯನ್ನು ತಂದಿದ್ದರು. ಅದು ಅಂಗಳಕ್ಕೆ ಜಿಗಿಯುವ ಮೊದಲೇ ಯಮನಪ್ಪ ಬುಟ್ಟಿಯನ್ನು ಎತ್ತಿ ಹಿಡಿದ, ಹಾಗೆ ಹಿಡಿದುಕೊಂಡೇ ಡಾಕ್ಟರಿಗೆ ಫೋನು ಮಾಡಿದ. ಅದಕ್ಕೂ ಸೂಜಿ ಆಗಿರಲಿಲ್ಲ. ಮೊದಲನೆಯದನ್ನು ಇವತ್ತೇ ಹಾಕುತ್ತೇನೆ, ಉಳಿದವು ಮೂರು ಮೂರು ವಾರಕ್ಕೆ, ಅವೆಲ್ಲ ಮುಗಿಯುವವರೆಗೆ ಮರಿ ಆ ಮನೆಯ ನೆಲ ಮೆಟ್ಟಬಾರದು, ಅದನ್ನು ನೋಡಿಕೊಳ್ಳುವವರೂ ಮೆಟ್ಟಬಾರದು, ವೈರಸ್ಸು ಚಪ್ಪಲಿ, ಬಟ್ಟೆಗೂ ಅಂಟಿ ಬರುತ್ತದೆ ಎಂದರು ಡಾಕ್ಟರು. ಕೊಟ್ಟವರು ಊರು ಬಿಡುತ್ತಿದ್ದುದರಿಂದ ವಾಪಸ್ಸು ಕಳಿಸುವಂತಿರಲಿಲ್ಲ. ಹೊಸ ಮರಿಯೊಂದಿಗೆ ಬೇರೆಡೆ ಇರೋಣವೆಂದರೆ ಕೃಷ್ಣಮ್ಮ ರಾಣಿಯನ್ನು ಬಿಟ್ಟು ಹೋಗುವಂತಿರಲಿಲ್ಲ. ಭದ್ರಮ್ಮ, ಅಮರಪ್ಪ ಮೊದಲ ಬಾರಿಗೆ ಒಂದೇ ಮಾತು ಆಡಿದರು: ಈ ಕಾಯಿಲೆಯ ವಿಚಾರ ಯಮನಪ್ಪನಷ್ಟು ಬಲ್ಲವರು ಬೀದಿಯಲ್ಲೇ ಇಲ್ಲ.

ಸಂಜೆ ಅವನು ಸ್ನಾನ ಮಾಡಿ, ಹೊಸ ಅಂಗಿ, ಹೊಸ ಚಪ್ಪಲಿ ಹಾಕಿಕೊಂಡು, ಮರಿಯನ್ನೆತ್ತಿಕೊಂಡು ಲಗ್ಗೆರೆಯ ಗೆಳೆಯನ ರೂಮಿಗೆ ಹೊರಟ. ಕೃಷ್ಣಮ್ಮ ಅಕ್ಕರೆಯಿಂದ ಗೇಟಿನವರೆಗೂ ಬಂದರು.

"ನಾ ಮತ್ತ ಯಾವಾಗ ಬರ್ಲಿ ರೀ ಅವ್ವಾರ?"

"ಒಂದೂವರೆ ತಿಂಗ್ಳಷ್ಟೇ ಕಣಪ್ಪ," ಎಂದರು ಕೃಷ್ಣಮ್ಮ. "ಅಲ್ಲೀಗಂಟ ಇತ್ತಕಡೆ ತಲೆ ಆಕ್ಬೇಡ."