ನನ್ನ ಹೃದಯ, ಅವಳ ವಾಯು

ಕಾಯಿಲೆಯ ವಿಷಯದಲ್ಲಿ ನಾನು ಮಹಾ ಸ್ವಾರ್ಥಿ. ನಮ್ಮ ಮನೆಯಲ್ಲಿ ಹೃದಯ ಅಂತ ಇರುವುದು ನನಗೊಬ್ಬನಿಗೇ ಎಂದು ಬಹಳ ವರ್ಷ ನಂಬಿದ್ದೆ. ಅದಕ್ಕೆ ನನ್ನ ನೌಕರಿಯೂ ಕಾರಣ. ಧಾರವಾಡದಿಂದ ಅಹಮದಾಬಾದಿಗೆ ವರ್ಗವಾಗಿ ಬಂದ ವಿಮಾ ಗುಮಾಸ್ತ ನಾನು. ಎದೆನೋವು ಉಂಟೇ, ತಂದೆತಾಯಿ ಸತ್ತದ್ದು ಹೇಗೆ ಎಂಬ ಅರ್ಜಿಯ ಕಾಲಮ್ಮುಗಳನ್ನು ದಿನವಿಡೀ ಓದಿ, ಸಂಜೆ ಮಣಿನಗರದ ಮನೆ ಸೇರುವಷ್ಟರಲ್ಲಿ ಆ ರೋಗಗಳೆಲ್ಲ ನನಗೇ ಬಂದಿರುತ್ತಿದ್ದವು. ಅರ್ಜಿ ಹಾಕುವವರು ಹೆಚ್ಚಾಗಿ ಗಂಡಸರೇ. ಹೀಗಾಗಿ ಹೃದಯರೋಗವೆಂದರೆ ಗಂಡಸು ಎದೆ ಹಿಡಿದುಕೊಂಡು ಬೀಳುವುದು ಎಂದೇ ನನ್ನ ತಿಳಿವಳಿಕೆ.

ನಮ್ಮದು ಮೂರನೆಯ ಮಹಡಿ, ನಲ್ಲಿ ಇದ್ದದ್ದು ಕೆಳಗೆ. ನನ್ನ ಹೃದಯಕ್ಕೆ ಶ್ರಮವಾಗಬಾರದೆಂದು ನೀರನ್ನು ಹೆಂಡತಿ ಸುಶೀಲೆಯೇ ಹೊರುತ್ತಿದ್ದಳು. ನನಗೆ ಉಪ್ಪು ಕಡಿಮೆ. ನಾನು ಬಿಟ್ಟ ಉಪ್ಪಿನಕಾಯಿ ಅವಳ ಪಾಲಿಗೆ. ಒಂದು ಚಳಿಗಾಲದಲ್ಲಿ ಅವಳು ಕೊಡ ಇಳಿಸಿ ಮೆಟ್ಟಿಲ ಮೇಲೆ ಕೂರತೊಡಗಿದಳು. ದವಡೆ ಜಗ್ಗುತ್ತದೆ, ಬೆನ್ನು ಹಿಡಿಯುತ್ತದೆ, ವಾಕರಿಕೆ, ನಿದ್ದೆ ಮಾಡಿದರೂ ದಣಿವು ಎಂದಳು. ಎದೆ ನೋಯುತ್ತದೆಯೇ ಎಂದು ಕೇಳಿದೆ. ನೋವಿಲ್ಲ, ಭಾರ ಅಷ್ಟೇ ಎಂದಳು. ಹಾಗಾದರೆ ವಾಯು ಎಂದು ತೀರ್ಪು ಕೊಟ್ಟು ಇಂಗಿನ ನೀರು ಕುಡಿಸಿದೆ. ಎದುರುಮನೆಯ ಕಾಂತಾಬೆನ್ ಅಜವಾನ, ಅಂದರೆ ಓಮಿನ ಕಾಳು, ತಂದುಕೊಟ್ಟರು. ವಾಯುವಿನ ವಿಷಯದಲ್ಲಿ ಧಾರವಾಡಕ್ಕೂ ಗುಜರಾತಿಗೂ ಭಿನ್ನಾಭಿಪ್ರಾಯವಿಲ್ಲ.

ಒಂದು ಭಾನುವಾರ ನನ್ನನ್ನು ನೋಡಲು ಡಾಕ್ಟರು ಮನೆಗೆ ಬಂದರು. ನನ್ನ ಹೃದಯ ಗುಂಡುಕಲ್ಲಿನ ಹಾಗಿದೆ ಎಂದರು. ನನಗೆ ಕೊಂಚ ನಿರಾಶೆಯೇ ಆಯಿತು. ಅಷ್ಟರಲ್ಲಿ ಸುಶೀಲೆ ಚಹಾ ತಂದಳು. ಅಡುಗೆಮನೆಯಿಂದ ಹತ್ತು ಹೆಜ್ಜೆ ಬರುವಷ್ಟರಲ್ಲಿ ಅವಳ ಹಣೆ ಬೆವೆತು, ಏದುಸಿರು ಬಂದಿತ್ತು. ಡಾಕ್ಟರು ಚಹಾ ಮುಟ್ಟಲಿಲ್ಲ. ಅವಳನ್ನು ಕೂರಿಸಿ, ರಕ್ತದೊತ್ತಡ ನೋಡಿ, ಬಹಳ ಹೊತ್ತು ಎದೆಬಡಿತ ಕೇಳಿದರು. ಆಮೇಲೆ, ಇವರ ತಾಯಿ ತೀರಿಕೊಂಡದ್ದು ಹೇಗೆ ಎಂದು ಹಿಂದಿಯಲ್ಲಿ ಕೇಳಿದರು. ನಾನು ಅದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ.

“ಬೀಸೂ ಕಲ್ಲಿನ ಮುಂದ ಕೂತಾಕಿ ಹಂಗ ವಾಲಿದ್ಲು,” ಎಂದಳು ಸುಶೀಲೆ. “ಐವತ್ತೂ ಆಗಿದ್ದಿಲ್ಲ. ವಾಯು ಅಂದ್ರು ಎಲ್ಲಾರೂ.”

ಆ ಎಲ್ಲರಲ್ಲಿ ನಾನೂ ಒಬ್ಬ. ಯಾವನಾದರೂ ಅರ್ಜಿಯಲ್ಲಿ ‘ತಾಯಿ ವಾಯುವಿನಿಂದ ಸತ್ತರು’ ಎಂದು ಬರೆದಿದ್ದರೆ ಸರಿಯಾಗಿ ತುಂಬಿ ತಾ ಎಂದು ವಾಪಸು ಕಳಿಸುತ್ತಿದ್ದೆ. ಅತ್ತೆಯ ವಿಷಯದಲ್ಲಿ ಮಾತ್ರ ಹದಿನೆಂಟು ವರ್ಷ ಒಪ್ಪಿಕೊಂಡು ಕೂತಿದ್ದೆ. ಹೆಂಗಸರಲ್ಲಿ ಈ ರೋಗ ಎಷ್ಟೋ ಸಲ ಹೀಗೇ ದಣಿವು, ದವಡೆ, ಬೆನ್ನು ಎಂದುಕೊಂಡು ಬರುತ್ತದೆ, ಇವತ್ತೇ ಆಸ್ಪತ್ರೆಗೆ ಸೇರಿಸಿ ಎಂದರು ಡಾಕ್ಟರು. ಟ್ಯಾಕ್ಸಿಯಲ್ಲಿ ಅವಳ ಕೈ ಹಿಡಿದು ಕೂತಾಗ ನನಗೆ ನಿಜವಾದ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಮೂರು ವಾರದ ಮೇಲೆ ಮನೆಗೆ ಬಂದಳು, ಮಾತ್ರೆಗಳ ಜೊತೆ. ಉಪ್ಪಿನಕಾಯಿ ಬಂದ್, ಭಾರ ಎತ್ತುವುದು ಬಂದ್. ಈಗ ನೀರು ಹೊರುವವನು ನಾನು. ಮೊದಲ ದಿನ ಎರಡನೆಯ ಮಹಡಿಗೇ ಕೊಡ ಇಳಿಸಿ, ಎದೆ ನೀವಿಕೊಳ್ಳುತ್ತ ಕೂತೆ. ಮೇಲಿನ ಕಟಕಟೆಯಿಂದ ಅವಳು ಬಗ್ಗಿ ನೋಡಿದಳು.

“ಯಾಕ್ರೀ, ಕುಂತ್ರಿ? ಇಂಗಿನ ನೀರು ಮಾಡ್ಲೇನು?”

ಗುಂಡುಕಲ್ಲಿನಂಥ ಹೃದಯದವನು ನಾನು. ಎದೆಯಿಂದ ಕೈ ತೆಗೆದು ಕೊಡ ಎತ್ತಿಕೊಂಡೆ.