ಸಾವ್ಕಾರರು ಕಾರು ಆರಿಸಿದ್ದು

ಮೂವತ್ತು ವರ್ಷದಿಂದ ಚಿಕ್ಕೋಡಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಗಾಡಿ ಕೊಳ್ಳುವವರು ನನ್ನ ಸಲಹೆ ಕೇಳಲು ಬರುತ್ತಲೇ ಇರುತ್ತಾರೆ. ಬರುವ ಹೊತ್ತಿಗೆ ಯಾವುದನ್ನು ಕೊಳ್ಳಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಬಂದಿರುತ್ತಾರೆ. ನಾನು ಅದನ್ನೇ ಹೇಳಿದರೆ ಜಾಣ ಮಿಸ್ತ್ರಿ, ಬೇರೆ ಹೇಳಿದರೆ ತಲೆಕೆಟ್ಟ ಮಿಸ್ತ್ರಿ. ಆದರೆ ಅಂಕಲಿಯ ಸಾವ್ಕಾರರು ಬಂದಾಗ ಯಾವ ಗಾಡಿಯೆಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದವನು ನಾನು.

ಸಾವ್ಕಾರರಿಗೆ ಕಬ್ಬಿನ ಹೊಲ, ದ್ರಾಕ್ಷಿ ತೋಟ ಎರಡೂ ಇವೆ. ಅರವತ್ತು ದಾಟಿದೆ, ಹೊಟ್ಟೆಯೂ ಅದಕ್ಕೆ ತಕ್ಕ ಹಾಗೆ ಮುಂದೆ ಬಂದಿದೆ. "ಮಿಸ್ತ್ರಿ, ಇಷ್ಟ ದಿನ ಹೊಲಕ್ಕ ಬೇಕಾದ ಗಾಡಿ ತಗೊಂಡೆ. ಈಗೊಂದ ನನಗ ಬೇಕಾದ ಗಾಡಿ ತಗೋತೀನಿ. ಜೋರ ಓಡಬೇಕು," ಎಂದರು.

ಕಣ್ಣಿಗೆ ಬಿದ್ದದ್ದು ಎರಡು. ಒಂದು, ಕೊಲ್ಲಾಪುರದ ವ್ಯಾಪಾರಿಯ ಹತ್ತಿರ ಇದ್ದ ಹೊಸ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲಿನ ಹೊದಿಕೆ ತೆಗೆಯಬಹುದು, ನೆಲಕ್ಕೆ ಅಂಟಿಕೊಂಡಂತೆ ಓಡುತ್ತದೆ. ಇನ್ನೊಂದು, ನಿಪ್ಪಾಣಿಯ ವಯಸ್ಸಾದ ವಕೀಲರು ಹರೆಯದಲ್ಲಿ ಕಾರು ಪಂದ್ಯದ ರ‍್ಯಾಲಿಗಳಲ್ಲಿ ಓಡಿಸಿದ ನಾಲ್ಕು ಬಾಗಿಲಿನ ಹಳೇ ಕಾರು. ಎರಡನ್ನೂ ಕೊಳ್ಳುವ ಶಕ್ತಿ ಸಾವ್ಕಾರರಿಗಿತ್ತು. ಆದರೆ ಅವರ ಹೆಂಡತಿ ಸಾವ್ಕಾರ್ತಿ ಮೊದಲೇ ಹೇಳಿಬಿಟ್ಟಿದ್ದರು: "ಕೊಟಗಿಯಾಗ ಒಂದ ಎಮ್ಮಿ ಸರಸಿ ಒಂದ ಕಾರಿಗೆ ಜಾಗಾ ಮಾಡಿಕೊಡ್ತೀನಿ. ಎರಡನೇ ಎಮ್ಮಿ ಸರಸೂದಿಲ್ಲ."

ವಕೀಲರ ಕಾರಿನ ಮೇಲೆಯೇ ನಾನು ಕೆಲಸ ಕಲಿತವನು. ಅದರ ಒಂದೊಂದು ನಟ್ಟೂ ನನಗೆ ಗೊತ್ತು. ಈಗ ವಕೀಲರ ಮಗ ಅಂಗಳ ಖಾಲಿ ಮಾಡಬೇಕೆಂದು ಹಟ ಹಿಡಿದಿದ್ದ. ಕೊಳ್ಳುವವರು ಸಿಗದಿದ್ದರೆ ಗುಜರಿಗೆ ಹಾಕುವುದೆಂದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಹೇಗಾದರೂ ಮಾಡಿ ಅದನ್ನು ಸಾವ್ಕಾರರ ಕೊಟ್ಟಿಗೆಗೆ ಸೇರಿಸಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿ.

ಕಾಟಾ

ಮೊದಲು ಕೊಲ್ಲಾಪುರದ ವ್ಯಾಪಾರಿಯೇ ತನ್ನ ಕಾರನ್ನು ಗ್ಯಾರೇಜಿಗೆ ತಂದ. ಬಾನೆಟ್ಟಿನ ಮೇಲೆ ಕೈಯಾಡಿಸುತ್ತ, "ಲೈಟ್ ವೇಟ್ ಆಹೇ, ಸಾಹೇಬ! ಬಾಗಲದಾಗ ವಜನ ಕಮ್ಮಿ, ಸೀಟಿನಾಗ ವಜನ ಕಮ್ಮಿ. ಗಾಲಿ ಸೈತ ಹಗೂರ ಮಾಡ್ಯಾರ," ಎಂದ.

ಸಾವ್ಕಾರರು ಹುಟ್ಟಿದಾಗಿನಿಂದ ಮಾಲನ್ನು ಟನ್ನಿನ ಲೆಕ್ಕದಲ್ಲಿ ಮಾರಿದವರು. ಅವರ ಮುಖ ಗಂಭೀರವಾಯಿತು. "ವಜನ ಕಮ್ಮಿ ಮಾಡಿ ಕಿಮ್ಮತ್ತ ಹೆಚ್ಚ ಮಾಡ್ಯಾರ?"

"ಹೌದ್ರಿ!" ಎಂದು ವ್ಯಾಪಾರಿ ಖುಷಿಯಿಂದ ಹೇಳಿದ.

"ನಡೀರಿ, ಕಾಟಾಕ್ಕ ಹಚ್ಚೂಣು."

ತಮಾಷೆ ಅಂದುಕೊಂಡೆ. ಅಲ್ಲ. ನೇರವಾಗಿ ಕಬ್ಬು ತೂಗುವ ಕಾಟಾಕ್ಕೆ ಕರೆದೊಯ್ದರು. ಹಿಂದೆ ಒಂದು, ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರು, ನಡುವೆ ಈ ಕೆಂಪು ಕಾರು ಪಾಳಿಯಲ್ಲಿ ನಿಂತಿತು. ನಮ್ಮ ಸರದಿ ಬಂದಾಗ ಕಾಟಾದವನು ಕಿಟಕಿಯಿಂದ ನೋಡಿದ. ಕಾರು ಅವನ ಕಿಟಕಿಯ ಕೆಳಗೇ ಉಳಿದಿತ್ತು.

"ಗಾಡಿ ಹಚ್ರೀ ಲಗೂನ," ಎಂದು ಕೂಗಿದ.

"ಹಚ್ಚೀವೋ, ಕೆಳಗ ನೋಡು!"

ಒಂದು ಟನ್ನೂ ತುಂಬಲಿಲ್ಲ. ಸಾವ್ಕಾರರು ಚೀಟಿ ಓದಿ, ವ್ಯಾಪಾರಿಯ ಹೆಗಲ ಮೇಲೆ ಮರುಕದಿಂದ ಕೈ ಇಟ್ಟರು. "ಯಾರೋ ನಿಮಗ ಮೋಸಾ ಮಾಡ್ಯಾರ್ರಿ. ನಮ್ಮ ಟ್ರೇಲರ್ ಖಾಲಿ ಮಾಡಿದ ಮ್ಯಾಲ ಉಳಿಯೋ ಕಬ್ಬಿನ ಒಣ ರವದಿ ಇದಕ್ಕಿಂತ ಹೆಚ್ಚ ತೂಗತೈತಿ."

ವಕೀಲರ ಪಾಟೀಸವಾಲು

ನಾನು ಒಳಗೊಳಗೇ ಹಿಗ್ಗಿ ಮರುದಿನವೇ ಸಾವ್ಕಾರರನ್ನು ನಿಪ್ಪಾಣಿಗೆ ಕರೆದೊಯ್ದೆ. ಕೊಳ್ಳುವವರು ಪ್ರಶ್ನೆ ಕೇಳುವುದು ಲೋಕರೂಢಿ. ಇಲ್ಲಿ ವಕೀಲರು ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿಕೊಂಡರು, ಸಾವ್ಕಾರರು ಎದುರಿಗೆ ನಿಂತೇ ಇದ್ದರು.

"ಗಾಡಿ ಎಲ್ಲಿ ನಿಲ್ಲಸ್ತೀರಿ?"

"ಎಮ್ಮಿ ಇದ್ದಲ್ಲಿರಿ."

"ಎಮ್ಮಿ ಎಲ್ಲಿ ಹೋಗತೈತಿ?"

"ತಮ್ಮನ ಕೊಟಗಿಗೆ."

"ತಮ್ಮ ಒಪ್ಪ್ಯಾನ?"

"ಇನ್ನೂ ಕೇಳಿಲ್ರಿ."

ವಕೀಲರು ನನ್ನ ಕಡೆ ತಿರುಗಿ, "ಬರಕೋ ಮಿಸ್ತ್ರಿ, ಇನ್ನೂ ಕೇಳಿಲ್ಲ," ಎಂದರು. ನನ್ನ ಹತ್ತಿರ ಪೆನ್ನು ಇರಲಿಲ್ಲ, ಆದರೂ ಅಂಗೈ ಮೇಲೆ ಬರೆದಂತೆ ಮಾಡಿದೆ.

"ಮನ್ಯಾಗ ಕೋಳಿ ಅದಾವ?"

"ಅದಾವ್ರಿ."

"ಗಾಡಿ ಮ್ಯಾಲ ಕುಂಡ್ರತಾವ?"

"ಕುಂಡ್ರೂದಿಲ್ರಿ. ನಾ ಹೇಳ್ತೀನಿ ಅವಕ್ಕ."

ಹೀಗೆ ಒಂದು ತಾಸು ನಡೆಯಿತು. ಕೊನೆಗೆ ಒಮ್ಮೆ ಓಡಿಸಿ ನೋಡಲು ಅನುಮತಿ ಸಿಕ್ಕಿತು, ವಕೀಲರು ಜೊತೆಗೆ ಇರಬೇಕೆಂಬ ಕರಾರಿನ ಮೇಲೆ. ಹೊರಗೆ ಬಂದು ಸಾವ್ಕಾರರು ಬೆವರು ಒರೆಸಿಕೊಂಡರು.

"ಮಿಸ್ತ್ರಿ, ಮಗಳನ್ನ ಕೊಡೂ ಮುಂದ ನಾ ಹುಡುಗಗ ಇಷ್ಟ ಕೇಳಿರಲಿಲ್ಲ," ಎಂದವರು ಸ್ವಲ್ಪ ಯೋಚಿಸಿ, "ಕೇಳಬೇಕಿತ್ತು," ಎಂದರು.

ಹಾರೂಗೇರಿ ದಾರಿ

ಇಷ್ಟಾದರೂ ವ್ಯಾಪಾರಿ ಸೋಲಲಿಲ್ಲ. ಒಂದು ಸಲ ಓಡಿಸಿ ನೋಡ್ರಿ ಎಂದು ಕೀಲಿ ಕೈಗೇ ಕೊಟ್ಟ. ಸಾವ್ಕಾರರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಕಲಿಯಿಂದ ಹಾರೂಗೇರಿಗೆ ಹೋಗಿ ಬಂದರು. ವ್ಯಾಪಾರಿ ಕೈ ಹಿಡಿದು ಎಳೆದ ಮೇಲೆ ಇಳಿದು ಬಂದವರ ಮುಖ ಜಾತ್ರೆಗೆ ಹೋಗಿಬಂದ ಹುಡುಗನ ಮುಖದಂತೆ ಆಗಿತ್ತು. "ಹಾರತೈತ್ಲೇ ಮಿಸ್ತ್ರಿ!" ಎಂದರು. ಗುಜರಿಯವನ ತಕ್ಕಡಿ ನನ್ನ ಕಣ್ಣ ಮುಂದೆ ಬಂತು.

ಆದರೆ ನಮ್ಮ ಕಡೆ ಒಂದು ಪದ್ಧತಿ. ಗುರುತಿನವರು ದಾರಿಯಲ್ಲಿ ಕೈ ಎತ್ತಿದರೆ ಗಾಡಿ ನಿಲ್ಲಬೇಕು, ಅವರು ಹತ್ತಬೇಕು. ಈ ಕಾರಿನಲ್ಲಿ ಹತ್ತಲು ಜಾಗವೆಲ್ಲಿ? ಆ ದಿನ ಐದಾರು ಜನ ಕೈ ಎತ್ತಿದ್ದರು, ಸಾವ್ಕಾರರು ತಾವೂ ಕೈ ಎತ್ತಿ ಮುಂದೆ ಹೋಗಿದ್ದರು. ಸಂಜೆಗೆ ಊರಲ್ಲೆಲ್ಲ ಸಾವ್ಕಾರರಿಗೆ ಸೊಕ್ಕು ಬಂದಿದೆ ಎಂಬ ಮಾತು. ಒಬ್ಬ ಹಿರಿಯರಂತೂ ಮನೆಗೇ ಬಂದು, "ನಂದೇನರ ತಪ್ಪಾಗಿದ್ರ ಹೇಳೋ ತಮ್ಮಾ, ಹೊಟ್ಟ್ಯಾಗ ಇಟಗೋಬ್ಯಾಡ," ಎಂದು ಕಣ್ಣು ಒರೆಸಿಕೊಂಡರು.

ಸಾವ್ಕಾರರು ಹೌಹಾರಿದರು. ಮರುದಿನ ವಕೀಲರ ಕಾರು ಓಡಿಸುವ ಸರದಿ; ವಕೀಲರ ಜೊತೆ ನಾನೂ ಹತ್ತಿದೆ. ಹಿಂದಿನ ದಿನದ ತಪ್ಪನ್ನು ತೊಳೆದುಕೊಳ್ಳಲು ಕೈ ಎತ್ತಿದವರಿಗೆಲ್ಲ ನಿಲ್ಲಿಸಿದರು. ಕೈ ಎತ್ತದೆ ಸುಮ್ಮನೆ ಗೋಡೆಗೆ ಒರಗಿ ನಿಂತವರಿಗೂ ನಿಲ್ಲಿಸಿದರು. ಎಲ್ಲಿಗೂ ಹೋಗುವ ಕೆಲಸವಿಲ್ಲದ ಇಬ್ಬರನ್ನು ಒತ್ತಾಯ ಮಾಡಿ ಹತ್ತಿಸಿಕೊಂಡರು. ಹಾರೂಗೇರಿ ಮುಟ್ಟುವಾಗ ಒಳಗೆ ಒಂಬತ್ತು ಜನ, ಒಂದು ಮೊಸರಿನ ಗಡಿಗೆ. ಗಡಿಗೆ ವಕೀಲರ ತೊಡೆಯ ಮೇಲಿತ್ತು. ಮುಕ್ಕಾಲು ತಾಸಿನ ದಾರಿಗೆ ಎರಡೂವರೆ ತಾಸು ಹಿಡಿದಿತ್ತು.

ವಕೀಲರು ಗಡಿಗೆಯನ್ನು ನನ್ನ ಕೈಗೆ ದಾಟಿಸುತ್ತ ಹೇಳಿದರು: "ಮಿಸ್ತ್ರಿ, ರ‍್ಯಾಲಿಯಾಗ ಪಲ್ಟಿ ಹೊಡದ ದಿನ ಸೈತ ಈ ಗಾಡಿ ಇದಕ್ಕಿಂತ ಲಗೂನ ಮುಟ್ಟಿತ್ತು."

ಆಯಿ

ಸಾವ್ಕಾರರು ಎರಡರ ನಡುವೆ ತೂಗಾಡಿದರು. ಜನಕ್ಕೆ ಹಳೇ ಕಾರು ಬೇಕು, ಅವರ ಮನಸ್ಸಿಗೆ ಹೊಸ ಕಾರು ಬೇಕು. ಕೊನೆಗೆ ಎರಡನ್ನೂ ಒಂದೇ ದಿನ ಅಂಗಳಕ್ಕೆ ತರಿಸಿದರು. ಅವರ ತಾಯಿಗೆ ತೊಂಬತ್ತು. ಊರಿಗೆಲ್ಲ ಆಯಿ. ಆ ಮನೆಗೆ ಯಾವ ಗಾಡಿ ಬಂದರೂ ಮೊದಲು ಹತ್ತುವವರು ಆಯಿ. ಟ್ರ್ಯಾಕ್ಟರಿಗೂ ಅವರೇ ಮೊದಲು ಹತ್ತಿದ್ದರಂತೆ.

ಹಳೇ ಕಾರಿನಲ್ಲಿ ಆಯಿಯನ್ನು ಕೂರಿಸಿದೆವು. ಕಾಲು ನೆಲಕ್ಕೆ ಮುಟ್ಟಲಿಲ್ಲ. "ಬಸ್ಸಿನಾಗ ಕುಂತಂಗ ಆತು," ಎಂದು ಇಳಿದರು. ಹೊಸ ಕಾರಿನಲ್ಲಿ ಕೂತರು. ಮುಖ ಅರಳಿತು. "ಇದು ಗಾಡಿ ನೋಡು! ಚಾಪಿ ಹಾಸ್ಕೊಂಡ ನೆಲದ ಮ್ಯಾಲ ಕುಂತಂಗ ಐತಿ."

ಆ ಮನೆಯಲ್ಲಿ ಆಯಿಯ ಮಾತು ಮೀರುವವರಿಲ್ಲ. ವ್ಯಾಪಾರಿ ಆಗಲೇ ಕಾಗದಪತ್ರ ಹೊರಗೆ ತೆಗೆದ. ವಕೀಲರು ತಮ್ಮ ಕಾರಿನ ಮೇಲೆ ಕೈ ಇಟ್ಟುಕೊಂಡು ನಿಂತರು. ಅವರ ಮುಖ ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ.

ಸಾವ್ಕಾರರು ತಾಯಿಯನ್ನು ಹನುಮಪ್ಪನ ಗುಡಿಯವರೆಗೆ ಒಯ್ದು ತಂದರು. "ಇನ್ನೊಂದ ಸುತ್ತ ಹೊಡಿ," ಎಂದರು ಆಯಿ. ಮೂರು ಸುತ್ತಾಯಿತು. ಆಮೇಲೆ ಆಯಿ ಮೊಳಕಾಲಿಗೆ ಕೈ ಊರಿ, ಕಳೆ ತೆಗೆದು ಏಳುವಂತೆ ಸಲೀಸಾಗಿ ಎದ್ದು ಹೊರಗೆ ಬಂದರು. ಸಾವ್ಕಾರರು ಬರಲಿಲ್ಲ.

"ಇಳೀರಿ," ಎಂದೆ.

"ಇಳ್ಯಾಕತ್ತೇನಿ," ಎಂದರು. ಇಳಿಯಲಿಲ್ಲ. ಹೊಟ್ಟೆ ಸ್ಟೇರಿಂಗಿನ ಕೆಳಗೆ ಸಿಕ್ಕಿತ್ತು, ಕಾಲು ಉದ್ದಕ್ಕೆ ಚಾಚಿ ಮಡಚಲು ಬರುತ್ತಿರಲಿಲ್ಲ. ನಾನೂ ವ್ಯಾಪಾರಿಯೂ ಒಂದೊಂದು ಕೈ ಹಿಡಿದು ಎಳೆದೆವು. ಅಂಗಿಯ ಎರಡು ಗುಂಡಿ ಮಾತ್ರ ಹೊರಗೆ ಬಂದವು.

ಕಬ್ಬು ಕಡಿಯುವ ಗ್ಯಾಂಗಿನವರು ಅಲ್ಲೇ ಚಹಾ ಕುಡಿಯುತ್ತಿದ್ದರು. ಅವರ ಮುಖ್ಯಸ್ಥ ಮುಕಾದಮ ಕಪ್ಪು ಕೆಳಗಿಟ್ಟು ಕಾರನ್ನು ಒಂದು ಸುತ್ತು ಹಾಕಿದ. "ಗಾಡಿ ಹಗೂರ ಐತಿ ಅಂತೀರಲ್ಲ? ಟ್ರೇಲರ್ ಖಾಲಿ ಮಾಡಿದಂಗ ಮಾಡೂಣು. ಬರ್ರಲೇ!"

"ಅರೆ ನಕೋ ಬಾಬಾ, ನಕೋ!" ಎಂದು ವ್ಯಾಪಾರಿ ಬಾಯಿ ಬಡಿದುಕೊಂಡ. ಅಷ್ಟರಲ್ಲಿ ಹತ್ತು ಜನ ಆಚೆ ಬದಿಗೆ ಕೈ ಹಾಕಿ ಎತ್ತಿಯಾಗಿತ್ತು. ಕಾರು ವಾಲಿತು. ಸಾವ್ಕಾರರು ಸಾವಕಾಶ ಜಾರಿ, ತೆರೆದ ಬಾಗಿಲಿನಿಂದ ಅಂಗಳದಲ್ಲಿ ಹರಡಿದ್ದ ಕಬ್ಬಿನ ರವದಿಯ ಮೇಲೆ ಉರುಳಿದರು.

ಬಿದ್ದಲ್ಲಿಂದಲೇ ವ್ಯಾಪಾರಿಗೆ ಹೇಳಿದರು: "ವಜನ ಕಮ್ಮಿ ಇದ್ದದ್ದ ಚೊಲೊ ಆತ್ರಿ." ಆಮೇಲೆ ಹಳೇ ಕಾರಿನ ಕಡೆ ಬೆರಳು ಮಾಡಿದರು. "ಅದನ್ನ ಕೊಡ್ರಿ."

ವಕೀಲರು ಒಂದೂ ಪ್ರಶ್ನೆ ಕೇಳದೆ ಕೀಲಿ ಕೊಟ್ಟರು. ನನಗೆ ಕಣ್ಣು ತುಂಬಿ ಬಂತು.

ವ್ಯಾಪಾರಿ ಕಾಗದ ಮಡಚಿ ಹೊರಡಲು ನೋಡಿದ. ಆಗಲಿಲ್ಲ. ಆಯಿ ಹೊಸ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದರು.

"ಅವಗ ವಯಸ್ಸಾಗೇತಿ, ಆ ಮುದುಕರ ಗಾಡಿ ಅವಗ ಇರ್ಲಿ. ಇದನ್ನ ನನಗ ಬಿಟ್ಟ ಹೋಗ್ರಿ," ಎಂದವರು ಸೊಸೆ ಸಾವ್ಕಾರ್ತಿಯ ಕಡೆ ತಿರುಗಿದರು. "ಎರಡನೇ ಎಮ್ಮಿ ನಾ ಸರಸ್ತೀನಿ."